ಅದು ಅವರ ಲೋಟ ಎಂದು ಮಗುವಿಗೆ ಹೇಳಿಕೊಟ್ಟವರು ಯಾರು?

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೂ ಎಂಜಿನಿಯರಿಂಗ್ ಓದಿದವರು. ಅತ್ತೆ ರಿಟೈರ್ಡ್ ಟೀಚರ್. ಮನೆಯಲ್ಲಿ ಯಾರೂ ಜಾತಿ ಮಾತು ಎತ್ತುವುದಿಲ್ಲ. ಮೊನ್ನೆ ಮನೆಗೆಲಸಕ್ಕೆ ಬರುವ ಅಕ್ಕನಿಗೆ ಅವಸರದಲ್ಲಿ ಕೈಗೆ ಸಿಕ್ಕ ಲೋಟಕ್ಕೆ ಕಾಫಿ ಹಾಕಿದೆ. ಐದು ವರ್ಷದ ಮಗಳು, "ಅಮ್ಮಾ, ಅದಲ್ಲ, ಅವರ ಲೋಟ ಕಿಟಕಿ ಮೇಲಿದೆ" ಎಂದಳು. ಅಕ್ಕ ನಕ್ಕು ಸುಮ್ಮನಾದರು. ನನಗೆ ಮಾತ್ರ ಅವತ್ತು ನಿದ್ದೆ ಬರಲಿಲ್ಲ. ಇವಳು ಇದನ್ನು ಎಲ್ಲಿಂದ ಕಲಿತಳು? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇರುವವರೆಲ್ಲ ಓದಿದವರೇ. ಆದರೂ ಕೆಲಸದವರಿಗೆ ಬೇರೆ ಲಿಫ್ಟ್. ಬಾಡಿಗೆಗೆ ಮನೆ ಕೇಳಿದವರ ಹೆಸರು ಕೇಳಿ ಫೋನ್ ಇಡುತ್ತಾರೆ. ವಿದ್ಯೆ ಬಂದರೆ ಇದೆಲ್ಲ ಹೋಗುತ್ತದೆ ಎಂದು ನಂಬಿದ್ದೆ. ಈ ಪೂರ್ವಗ್ರಹದ, ಅಸಹನೆಯ ಬೇರು ಇರುವುದಾದರೂ ಎಲ್ಲಿ?

— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಆ ಲೋಟವನ್ನು ಕಿಟಕಿ ಮೇಲೆ ಇಟ್ಟವರು ಯಾರು? ನೀವೋ, ಅತ್ತೆಯೋ, ಅಥವಾ ಅಕ್ಕನೇ ತೊಳೆದು ಅಲ್ಲಿ ಬೋರಲು ಹಾಕಿ ಹೋಗುತ್ತಾರೋ? ಬಹುಶಃ ನಿಮಗೂ ನೆನಪಿಲ್ಲ. ಯಾವತ್ತೋ ಯಾರೋ ಇಟ್ಟರು, ಅಲ್ಲೇ ಉಳಿಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಕಿಟಕಿ ಮೇಲೇ ಇದೆ.

ಮಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅವಳು ನೋಡಿ ಕಲಿತಳು. ದಿನಾ ಬೆಳಿಗ್ಗೆ ಅವಳ ಕಣ್ಣಿಗೆ ಏನು ಬೀಳುತ್ತದೆ ನೋಡಿ. ಮನೆಗೆ ಬಂದ ನೆಂಟರು ಸೋಫಾ ಮೇಲೆ ಕೂರುತ್ತಾರೆ. ಅಕ್ಕ ಅಡುಗೆಮನೆ ಬಾಗಿಲ ಹತ್ತಿರ ನೆಲದ ಮೇಲೆ ಕೂರುತ್ತಾರೆ. ನೆಂಟರಿಗೆ ಕಾಫಿಯನ್ನು ತಟ್ಟೆಯಲ್ಲಿಟ್ಟು ಕೈಗೆ ಕೊಡುತ್ತೀರಿ, ಅಕ್ಕನಿಗೆ ಕಟ್ಟೆ ಮೇಲೆ ಇಡುತ್ತೀರಿ. ನೆಂಟರು ಕುಡಿದ ಲೋಟವನ್ನು ನೀವು ಎತ್ತುತ್ತೀರಿ, ಅಕ್ಕ ಕುಡಿದದ್ದನ್ನು ಅಕ್ಕನೇ ತೊಳೆದಿಡುತ್ತಾರೆ. ಇದರಲ್ಲಿ ಎಲ್ಲೂ ಒಂದು ಕೆಟ್ಟ ಮಾತಿಲ್ಲ. ಆದರೆ ಐದು ವರ್ಷದ ಮಕ್ಕಳ ಕೆಲಸವೇ ಲೋಕದ ರೂಲ್ಸ್ ಪತ್ತೆ ಹಚ್ಚುವುದು. ಚಪ್ಪಲಿ ಎಲ್ಲಿ ಬಿಡಬೇಕು, ತಾತನ ಕುರ್ಚಿ ಯಾವುದು, ಯಾರಿಗೆ ಬನ್ನಿ ಅನ್ನಬೇಕು, ಯಾರಿಗೆ ಬಾ ಅನ್ನಬಹುದು. ಇವನ್ನೆಲ್ಲ ಹೇಗೆ ಕಲಿತಳೋ ಲೋಟದ ವಿಷಯವನ್ನೂ ಹಾಗೇ ಕಲಿತಳು. ಅವಳ ದೃಷ್ಟಿಯಲ್ಲಿ ಅವಳು ನಿಮಗೆ ಸಹಾಯ ಮಾಡಿದಳು ಅಷ್ಟೇ.

ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪುಜನಾಂಗದ ಮನಃಶಾಸ್ತ್ರಜ್ಞ ದಂಪತಿ ಇದ್ದರು. 1940ರ ದಶಕದಲ್ಲಿ ಅವರು ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನು ಇಟ್ಟರು. ಬಣ್ಣ ಒಂದು ಬಿಟ್ಟರೆ ಉಳಿದದ್ದೆಲ್ಲ ಒಂದೇ ಥರ. "ಒಳ್ಳೆ ಗೊಂಬೆ ಯಾವುದು ಕೊಡು" ಎಂದಾಗ ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ಕೊಟ್ಟರು. "ಕೆಟ್ಟದು ಯಾವುದು" ಎಂದಾಗ ಕಂದು ಗೊಂಬೆ ತೋರಿಸಿದರು. ಆಮೇಲೆ "ನಿನ್ನ ಥರ ಇರುವುದು ಯಾವುದು" ಎಂದು ಕೇಳಿದಾಗ ಕೆಲವು ಮಕ್ಕಳು ಅಳುತ್ತಾ ಎದ್ದು ಹೋದರು. ಆ ಮಕ್ಕಳಿಗೆ ಅಪ್ಪ ಅಮ್ಮ ಕೂರಿಸಿಕೊಂಡು "ನಾವು ಕೆಟ್ಟವರು" ಎಂದು ಪಾಠ ಹೇಳಿರಲಿಲ್ಲ. ಊರು ಹೇಳಿತ್ತು. ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು ಹೇಳಿದ್ದವು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಬಾರದು ಎಂದು ತೀರ್ಪು ಕೊಟ್ಟಾಗ ಈ ಸಂಶೋಧನೆಯನ್ನೂ ಉಲ್ಲೇಖಿಸಿತು.

ನಾವು ಸಾಮಾನ್ಯವಾಗಿ ಏನು ಅಂದುಕೊಳ್ಳುತ್ತೇವೆ? ಮನಸ್ಸಿನಲ್ಲಿ ಮೊದಲು ಕೀಳು ಭಾವನೆ ಇರುತ್ತದೆ, ಅದಕ್ಕೇ ಜನ ಬೇರೆ ಲೋಟ ಇಡುತ್ತಾರೆ ಎಂದು. ನನ್ನ ಪ್ರಕಾರ ನಡೆಯುವುದು ಹೆಚ್ಚಾಗಿ ಉಲ್ಟಾ. ಮೊದಲು ಲೋಟ ಬೇರೆ ಆಗಿರುತ್ತದೆ. ಮಗು ಆ ಏರ್ಪಾಡಿನೊಳಗೇ ಕಣ್ಣು ಬಿಡುತ್ತದೆ. ಕಾರಣ ಬೇಕಾಗುವುದು ಆಮೇಲೆ, ಯಾರಾದರೂ "ಯಾಕೆ?" ಎಂದು ಕೇಳಿದಾಗ. ಆಗ ಕೈಗೆ ಸಿಕ್ಕ ಕಾರಣವನ್ನು ತಂದು ಹಚ್ಚುತ್ತೇವೆ. ಹಳೇ ಕಾಲದವರು ಮಡಿ ಮೈಲಿಗೆ ಅಂದರು. ಈಗಿನವರು ಕ್ಲೀನ್‌ನೆಸ್ ಅನ್ನುತ್ತಾರೆ. ಕಾರಣ ಬದಲಾಯಿತು, ಲೋಟ ಕಿಟಕಿ ಮೇಲೇ ಇದೆ.

ಈ ಕ್ಲೀನ್‌ನೆಸ್ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅತ್ತೆಯನ್ನು ಕೇಳಿದರೆ "ಜಾತಿ ಗೀತಿ ಏನಿಲ್ಲಮ್ಮ, ಹತ್ತು ಮನೆ ಕೆಲಸ ಮಾಡಿ ಬರ್ತಾಳೆ, ಅದಕ್ಕೇ" ಎನ್ನಬಹುದು. ಸರಿ. ಆದರೆ ನಿಮ್ಮ ಮನೆಯ ಮುಸುರೆ ಪಾತ್ರೆಗಳನ್ನೆಲ್ಲ ತೊಳೆಯುವುದು ಯಾರು? ಅದೇ ಅಕ್ಕ. ನೀವು ಊಟ ಮಾಡುವ ತಟ್ಟೆ, ಮಗಳು ಹಾಲು ಕುಡಿಯುವ ಲೋಟ, ದೇವರ ನೈವೇದ್ಯ ಮಾಡುವ ಪಾತ್ರೆ, ಎಲ್ಲವೂ ದಿನಾ ಅವರ ಕೈಯಲ್ಲೇ ತೊಳೆದು ಬರುತ್ತವೆ. ಆ ಕೈ ತೊಳೆದದ್ದು ಶುದ್ಧ, ಅದೇ ಕೈ ಹಿಡಿದು ಕುಡಿದದ್ದು ಮಾತ್ರ ಬೇರೆ. ಇದು ಕ್ರಿಮಿಯ ಲೆಕ್ಕ ಅಲ್ಲ ಅಲ್ವಾ?

ಪಾಲ್ ರೋಜಿನ್ ಎಂಬ ಮನಃಶಾಸ್ತ್ರಜ್ಞರು ಹೇಸಿಗೆ ಎಂಬ ಭಾವನೆಯನ್ನೇ ಬಹಳ ವರ್ಷ ಅಧ್ಯಯನ ಮಾಡಿದರು. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪೂರ್ತಿ ಕ್ರಿಮಿಮುಕ್ತ ಮಾಡಿದ ಸತ್ತ ಜಿರಲೆಯನ್ನು ಜ್ಯೂಸಿನಲ್ಲಿ ಅದ್ದಿ ತೆಗೆದು ಕುಡಿಯಲು ಕೊಟ್ಟರು. ಏನೂ ಅಪಾಯ ಇಲ್ಲ ಎಂದು ಗೊತ್ತಿದ್ದರೂ ಜನ ಒಲ್ಲೆ ಎಂದರು. ಹೇಸಿಗೆಗೆ ವಿಜ್ಞಾನ ತಿಳಿಯುವುದಿಲ್ಲ. ಒಮ್ಮೆ ತಾಗಿದ್ದು ತಾಗಿದ್ದೇ. ಆದರೆ ಅದೇ ತಂಡ ಇನ್ನೊಂದನ್ನೂ ನೋಡಿತು. ಶೇಂಗಾ ಬೆಣ್ಣೆ, ವಾಸನೆಯ ಚೀಸ್ ಕಲಸಿ ಥೇಟ್ ನಾಯಿ ಹೇಲಿನ ಹಾಗೆ ಮಾಡಿ ಎರಡು ವರ್ಷದೊಳಗಿನ ಮಕ್ಕಳ ಮುಂದೆ ಇಟ್ಟರು. ಹೆಚ್ಚಿನ ಮಕ್ಕಳು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡವು! ಮಕ್ಕಳನ್ನು ಸಾಕಿದವರಿಗೆ ಇದು ಹೊಸ ಸುದ್ದಿಯೇನಲ್ಲ. ಯಾವುದಕ್ಕೆ ಛೀ ಅನ್ನಬೇಕು ಎಂಬುದನ್ನು ನಾವೇ ಕಲಿಸುತ್ತೇವೆ. ಹೇಲು ಕೊಳಕು ಎಂದು ಕಲಿಸುವುದು ಸರಿಯೇ. ಆದರೆ ಅದೇ ವಯಸ್ಸಿನಲ್ಲಿ, ಅದೇ ಮುಖ ಸಿಂಡರಿಸುವ ದಾರಿಯಲ್ಲಿ, ಕೆಲವು ಮನುಷ್ಯರ ಎಂಜಲು ಬೇರೆ ಥರದ್ದು ಎಂಬುದೂ ಒಳಗೆ ಹೋಗಿಬಿಡುತ್ತದೆ. ಬುದ್ಧಿಗಿಂತ ಮುಂಚೆ ಮೈಗೆ ಹತ್ತಿದ್ದು ಇದು. ಅದಕ್ಕೇ ವಾದ ಮಾಡಿ ಬಿಡಿಸುವುದು ಅಷ್ಟು ಕಷ್ಟ.

ಹಾಗಾದರೆ ನಾವು ಅವರು ಎನ್ನುವ ಭೇದ ಹುಟ್ಟಿನಿಂದಲೇ ಬರುತ್ತದೆಯೇ? ಗುಂಪು ಕಟ್ಟುವ ಚಾಳಿ ಮನುಷ್ಯನಿಗೆ ಇದೆ, ಅದು ನಿಜ. ಹೆನ್ರಿ ತಾಜ್ಫೆಲ್ ಎಂಬವರು ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದು ಬದುಕಿ ಬಂದಾಗ ಅವರ ಮನೆಯವರಲ್ಲಿ ಹೆಚ್ಚಿನವರು ಸತ್ತಿದ್ದರು. ಆಮೇಲೆ ಅವರು ಇಂಗ್ಲೆಂಡಿನಲ್ಲಿ ಮನಃಶಾಸ್ತ್ರಜ್ಞರಾದರು. 1970ರ ಸುಮಾರಿಗೆ ಬ್ರಿಸ್ಟಲ್ ನಗರದ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ನಿಮಗೆ ಈ ಚಿತ್ರಕಾರ ಇಷ್ಟ, ನಿಮಗೆ ಆ ಚಿತ್ರಕಾರ ಇಷ್ಟ ಎಂಬ ನೆಪ. ನಿಜವಾಗಿ ಗುಂಪು ಮಾಡಿದ್ದು ಯಾದೃಚ್ಛಿಕವಾಗಿ, ಚೀಟಿ ಎತ್ತಿದ ಹಾಗೆ. ತನ್ನ ಗುಂಪು ಯಾವುದು ಎಂದಷ್ಟೇ ಪ್ರತಿ ಹುಡುಗನಿಗೆ ಗೊತ್ತು, ಅದರಲ್ಲಿ ಬೇರೆ ಯಾರು ಯಾರಿದ್ದಾರೆ ಎಂಬುದು ಗೊತ್ತಿಲ್ಲ. ಆಮೇಲೆ, ಹೆಸರು ಹೇಳದೆ ಗುಂಪು ಮಾತ್ರ ಹೇಳಿ, ದುಡ್ಡು ಹಂಚಿ ಎಂದರು. ಹುಡುಗರು ತಮ್ಮ ಗುಂಪಿನವರಿಗೆ ಜಾಸ್ತಿ ಕೊಟ್ಟರು. ಅದರಲ್ಲಿ ಆಶ್ಚರ್ಯವಿಲ್ಲ. ತಮ್ಮವರಿಗೆ ಒಟ್ಟಿನಲ್ಲಿ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ, ಆ ಗುಂಪಿಗಿಂತ ಹೆಚ್ಚು ಸಿಗಬೇಕು ಎಂದು ಹಲವರು ಹಂಚಿದ್ದೇ ಆಶ್ಚರ್ಯ. ಅವರಲ್ಲಿ ಯಾರಿಗೂ ಯಾರ ಮೇಲೂ ದ್ವೇಷ ಇರಲಿಲ್ಲ.

ದ್ವೇಷ ಇಲ್ಲದೆಯೂ ಭೇದ ಆಗುತ್ತದೆ ಎಂಬುದನ್ನು ನಾವು ಜಾಸ್ತಿ ಗಮನಿಸುವುದಿಲ್ಲ. ಬಾಡಿಗೆ ಮನೆಯ ಮಾಲೀಕರು "ಅವರು ಬೇಡ" ಎನ್ನುವುದಿಲ್ಲ. "ನಮ್ಮ ಪೈಕಿಯವರಾದರೆ ಅನುಕೂಲ" ಎನ್ನುತ್ತಾರೆ. ಕೇಳಲು ಎಷ್ಟು ಹಿತವಾಗಿದೆ! ಆದರೆ ಒಂದು ಬೀದಿಯ ಇಪ್ಪತ್ತು ಮನೆಯವರೂ ತಮ್ಮ ಪೈಕಿಯವರನ್ನೇ ಹುಡುಕಿದರೆ, ಯಾರ ಪೈಕಿಯವರ ಹತ್ತಿರ ಬಾಡಿಗೆಗೆ ಕೊಡುವಷ್ಟು ಮನೆಗಳೇ ಇಲ್ಲವೋ ಅವರು ಎಲ್ಲಿಗೆ ಹೋಗಬೇಕು? ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಯಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಥರದ ಓದು, ಅನುಭವ ತೋರಿಸಿ ಅರ್ಜಿ ಹಾಕಿದರು. ಹೆಸರು ಮಾತ್ರ ಬೇರೆ ಬೇರೆ: ಕೆಲವು ಮೇಲ್ಜಾತಿ ಹಿಂದೂ ಹೆಸರು, ಕೆಲವು ದಲಿತ ಹೆಸರು, ಕೆಲವು ಮುಸ್ಲಿಂ ಹೆಸರು. ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು. ಅರ್ಜಿ ನೋಡಿದವರೆಲ್ಲ ಕೆಟ್ಟವರೇನಲ್ಲ. ಮನೆಯಲ್ಲಿ ಒಳ್ಳೆ ಅಪ್ಪ, ಒಳ್ಳೆ ಮಗಳು, ಒಳ್ಳೆ ಪಕ್ಕದ ಮನೆಯವರು ಆಗಿರಬಹುದು.

ಮನುಷ್ಯ ಗುಂಪು ಕಟ್ಟುತ್ತಾನೆ ಎಂದೊಡನೆ "ಇದು ಪ್ರಕೃತಿ ಸಹಜ, ಏನೂ ಮಾಡಲಾಗದು" ಎಂದು ಕೈ ಚೆಲ್ಲುವವರಿದ್ದಾರೆ. ಅದು ಸೋಮಾರಿತನ. ಗೆರೆ ಎಳೆಯುವ ಚಾಳಿ ಹುಟ್ಟಿನಿಂದ ಬಂದಿರಬಹುದು. ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಊರು ಹೇಳಿಕೊಡುತ್ತದೆ. ನಿಮ್ಮ ಮಗಳು ಎಡಗೈಯವರಿಗೆ ಬೇರೆ ಲೋಟ ಇಡಬೇಕು ಎಂದು ಹೇಳಲಿಲ್ಲವಲ್ಲ.

ಇನ್ನು ವಿದ್ಯೆಯ ವಿಷಯ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ದೇಶದ 42,000ಕ್ಕೂ ಹೆಚ್ಚು ಕುಟುಂಬಗಳನ್ನು ಮಾತಾಡಿಸಿದರು. ಯಾವುದೋ ಒಂದು ರೂಪದಲ್ಲಿ ಅಸ್ಪೃಶ್ಯತೆ ಆಚರಿಸುತ್ತೇವೆ ಎಂದು ಶೇ 27ರಷ್ಟು ಕುಟುಂಬಗಳು ಒಪ್ಪಿಕೊಂಡವು. ಇದು ಬಾಯಿ ಬಿಟ್ಟು ಒಪ್ಪಿಕೊಂಡವರ ಲೆಕ್ಕ. ಓದಿದವರೆಲ್ಲ ಹೀಗೆ ನೇರವಾಗಿ ಒಪ್ಪಿಕೊಳ್ಳುವುದಿಲ್ಲ. ವಿದ್ಯೆ ಕೊಡುವ ಮೊದಲ ಲಾಭವೇ ಒಳ್ಳೆ ಭಾಷೆ. "ಮೈಲಿಗೆ" ಎನ್ನುವ ಜಾಗದಲ್ಲಿ "ಸೆಕ್ಯೂರಿಟಿ" ಬರುತ್ತದೆ, "ಅವರ ಕೇರಿ" ಎನ್ನುವ ಜಾಗದಲ್ಲಿ "ಲೈಫ್‌ಸ್ಟೈಲ್ ಮ್ಯಾಚ್ ಆಗಲ್ಲ" ಬರುತ್ತದೆ. ಕೆಲವು ಊರಿನ ಹೋಟೆಲುಗಳಲ್ಲಿ ಮೊದಲು ಗೂಡಿನಲ್ಲಿ ಬೇರೆ ಲೋಟ ಇರುತ್ತಿತ್ತು. ಈಗ ಪೇಪರ್ ಕಪ್ ಬಂದಿದೆ. ಯಾರಿಗೆ ಸ್ಟೀಲ್ ಲೋಟ, ಯಾರಿಗೆ ಪೇಪರ್ ಕಪ್ ಎಂದು ಸ್ವಲ್ಪ ಹೊತ್ತು ಕೂತು ನೋಡಿದರೆ ಗೊತ್ತಾಗುತ್ತದೆ. ಕೇಳಿದರೆ ಹೈಜೀನ್ ಸಾರ್ ಎನ್ನುತ್ತಾರೆ.

ಓದಿದವರ ನಯವಾದ ನಿರಾಕರಣೆ ಹೊಸದೂ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಊರಲ್ಲಿ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಎಂದಿತು. ಈ ಭಾಗ ಎಲ್ಲರಿಗೂ ಗೊತ್ತು. ಆಮೇಲೆ ನಡೆದದ್ದನ್ನೂ ಅವರೇ ಬರೆದಿದ್ದಾರೆ. ಅಲ್ಲಿ ಅವರಿಗೆ ಇಬ್ಬರು ಸ್ನೇಹಿತರಿದ್ದರು. ಒಬ್ಬರು ಹಿಂದೂ, ಒಬ್ಬರು ಕ್ರಿಶ್ಚಿಯನ್. ಹಿಂದೂ ಸ್ನೇಹಿತ, ನೀನು ಬಂದರೆ ನನ್ನ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ ಎಂದರು. ಕ್ರಿಶ್ಚಿಯನ್ ಸ್ನೇಹಿತ, ಹೆಂಡತಿ ನಾಳೆ ಬರುತ್ತಾಳೆ, ಕೇಳಿ ಹೇಳುತ್ತೇನೆ ಎಂದರು. ಇಬ್ಬರೂ ಕೆಟ್ಟ ಮಾತಾಡಲಿಲ್ಲ. ಇಬ್ಬರೂ ಜಾಗ ಕೊಡಲಿಲ್ಲ. ನನಗೇನೂ ಅಭ್ಯಂತರವಿಲ್ಲ, ಬೇರೆಯವರು ಒಪ್ಪುವುದಿಲ್ಲ ಎಂಬ ಮಾತು ನಿಮ್ಮ ಅಪಾರ್ಟ್‌ಮೆಂಟ್‌ನಲ್ಲೂ ಕೇಳಿರುತ್ತೀರಿ.

ನೀವು ಅಸಹನೆ ಎಂಬುದನ್ನೂ ಜೊತೆಗೆ ಸೇರಿಸಿ ಕೇಳಿದ್ದೀರಿ. ನಾನು ಇವೆರಡನ್ನು ಬೇರೆ ಮಾಡಿ ನೋಡುತ್ತೇನೆ. ಬೇರೆ ಲೋಟ ಇಡುವ ಅತ್ತೆ ಅಕ್ಕನ ಮಗಳ ಶಾಲೆ ಫೀಸು ಕಟ್ಟಿರಬಹುದು. ಹಬ್ಬಕ್ಕೆ ಸೀರೆ ಕೊಡಬಹುದು, ಜ್ವರ ಬಂದರೆ ಮಾತ್ರೆ ಕೊಟ್ಟು ರಜೆ ಕೊಡಬಹುದು. ಇದು ನಾಟಕ ಅಲ್ಲ, ನಿಜವಾದ ಪ್ರೀತಿಯೇ. ಪೂರ್ವಗ್ರಹಕ್ಕೂ ದಯೆಗೂ ಜಗಳವಿಲ್ಲ. ಕೊಡುವವರು ಮೇಲೆ, ತಗೊಳ್ಳುವವರು ಕೆಳಗೆ ಇರುವವರೆಗೂ ಎರಡೂ ಚೆನ್ನಾಗಿ ಹೊಂದಿಕೊಂಡು ಹೋಗುತ್ತವೆ. ಆ ಏರ್ಪಾಡು ಅಲುಗಾಡಿದಾಗ ಅಸಹನೆ ಹೊರಗೆ ಬರುತ್ತದೆ. "ಜಾಸ್ತಿ ಸದರ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ", "ಎಲ್ಲಿಡಬೇಕೋ ಅಲ್ಲಿಡಬೇಕು" ಎಂಬ ಮಾತುಗಳು ಕೇಳುವುದು ಆಗಲೇ.

ನಮ್ಮ ಕಲ್ಯಾಣದ ಕತೆ ನೆನಪಿಸಿಕೊಳ್ಳಿ. ಹನ್ನೆರಡನೇ ಶತಮಾನದಲ್ಲಿ ಶರಣರು ಕುಲವಿಲ್ಲ ಎಂದು ಹಾಡಿದರು, ಬರೆದರು, ಒಟ್ಟಿಗೆ ಉಂಡರು. ಗೊಣಗಿದವರು ಇದ್ದೇ ಇದ್ದರು. ಆದರೆ ಪರಂಪರೆ ಹೇಳುವ ಪ್ರಕಾರ ರಕ್ತ ಹರಿದದ್ದು ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದಾಗ. ಮಾತನ್ನು ಸಹಿಸಿದ ಊರು ಮದುವೆಯನ್ನು ಸಹಿಸಲಿಲ್ಲ. ಈಗಲೂ ಹಾಗೇ. ಅದೇ 2011-12ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆ ಶೇ 5ರ ಆಸುಪಾಸಿನಲ್ಲಿದೆ. ಸ್ಮೃತಿ ಶರ್ಮಾ ಎಂಬ ಅರ್ಥಶಾಸ್ತ್ರಜ್ಞೆ 2001ರಿಂದ 2010ರವರೆಗಿನ ಜಿಲ್ಲಾವಾರು ಅಪರಾಧ ಲೆಕ್ಕ ತೆಗೆದು ನೋಡಿದರು. ದಲಿತರ, ಆದಿವಾಸಿಗಳ ಜೀವನಮಟ್ಟ ಉಳಿದವರ ಮಟ್ಟಕ್ಕೆ ಹತ್ತಿರ ಬಂದ ಕಡೆ ಅವರ ಮೇಲಿನ ದೌರ್ಜನ್ಯ ಜಾಸ್ತಿ ಇತ್ತು. ಹರಕು ಬಟ್ಟೆ ಹಾಕಿದವನನ್ನು ಕಂಡು ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಮದುವೆ ಗಂಡು ಕುದುರೆ ಹತ್ತಿದಾಗ, ಹೊಸ ಬೈಕು ಊರ ಮುಂದಿನ ಬೀದಿಯಲ್ಲಿ ಹೋದಾಗ ಕಣ್ಣು ಕೆಂಪಾಗುತ್ತದೆ.

ನಿಮ್ಮ ಪತ್ರದಲ್ಲಿ ಅಕ್ಕ ನಕ್ಕು ಸುಮ್ಮನಾದರು ಎಂದು ಬರೆದಿದ್ದೀರಿ. ಆ ನಗುವನ್ನು "ಅವರಿಗೇನೂ ಅನಿಸಲಿಲ್ಲ" ಎಂದು ಓದಬೇಡಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ಕ್ಲಾಸಿನ ಹುಡುಗರಿಗೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟರು. ಜಾತಿ ಹೇಳದೆ ಕೂರಿಸಿದಾಗ ದಲಿತ ಹುಡುಗರೂ ಮೇಲ್ಜಾತಿ ಹುಡುಗರೂ ಒಂದೇ ಸಮ ಬಿಡಿಸಿದರು. ಎಲ್ಲರ ಮುಂದೆ ಹೆಸರು, ಜಾತಿ ಓದಿ ಹೇಳಿ ಕೂರಿಸಿದಾಗ ದಲಿತ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ಬುದ್ಧಿ ಎಲ್ಲೂ ಹೋಗಿರಲಿಲ್ಲ. ನಿನ್ನ ಜಾಗ ಎಲ್ಲಿ ಎಂದು ನೆನಪಿಸಿದ್ದರು ಅಷ್ಟೇ. ಕಿಟಕಿ ಮೇಲಿನ ಲೋಟ ದಿನಾ ಎರಡು ಸಲ ಅದನ್ನೇ ಮಾಡುತ್ತದೆ.

ಒಟ್ಟಿಗೆ ಬೆರೆತರೆ ಸರಿಹೋಗುತ್ತದೆ ಎನ್ನುತ್ತಾರಲ್ಲ, ಅದು ಅರ್ಧ ಮಾತ್ರ ನಿಜ. ನೀವೂ ಅಕ್ಕನೂ ದಿನಾ ಒಂದೇ ಅಡುಗೆಮನೆಯಲ್ಲಿ ಓಡಾಡುತ್ತೀರಿ. ಬೆರೆತದ್ದು ಕಡಿಮೆ ಆಯಿತೇ? 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಾಫರ್ ಶರೀಫ್ ಎಂಬ ಮನಃಶಾಸ್ತ್ರಜ್ಞರು 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ದು ಎರಡು ತಂಡ ಮಾಡಿ ಪೈಪೋಟಿಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಬಾವುಟ ಸುಡುವ ಮಟ್ಟಕ್ಕೆ ಹೋಯಿತು. ರಾಜಿ ಮಾಡಿಸಲು ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎರಚಾಡಿದರು. ನೀರಿನ ಟ್ಯಾಂಕ್ ಕೆಟ್ಟಾಗ ಎರಡೂ ತಂಡ ಸೇರಿ ಸರಿಮಾಡಬೇಕಾಯಿತು, ಲಾರಿ ನಿಂತುಹೋದಾಗ ಸೇರಿ ಹಗ್ಗ ಹಿಡಿದು ಎಳೆಯಬೇಕಾಯಿತು. ಆಮೇಲೆ ಜಗಳ ಇಳಿಯಿತು. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು 1,261 ಯುವಕರನ್ನು ಸೇರಿಸಿಕೊಂಡು, ಅವರಲ್ಲಿ ಹಲವರನ್ನು ಆಡಿಸಿ ಕ್ರಿಕೆಟ್ ಲೀಗ್ ನಡೆಸಿದರು. ಬೇರೆ ಜಾತಿಯವರ ಜೊತೆ ಒಂದೇ ಟೀಮಿನಲ್ಲಿ ಆಡಿದವರಿಗೆ ಬೇರೆ ಜಾತಿಯ ಸ್ನೇಹಿತರು ಹೆಚ್ಚಾದರು. ಎದುರು ಟೀಮಿನಲ್ಲಿ ಆಡಿದವರಲ್ಲಿ ಪರಿಣಾಮ ಹೆಚ್ಚಾಗಿ ಉಲ್ಟಾ.

ದೆಹಲಿಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 2007ರಿಂದ ಅಲ್ಲಿನ ಹಲವು ಶ್ರೀಮಂತ ಖಾಸಗಿ ಶಾಲೆಗಳು ಶೇ 20ರಷ್ಟು ಸೀಟು ಬಡ ಮಕ್ಕಳಿಗೆ ಕೊಡಬೇಕಾಯಿತು. ಬಡ ಮಕ್ಕಳ ಜೊತೆ ಓದಿದ ಶ್ರೀಮಂತ ಮಕ್ಕಳನ್ನು ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದರು. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸಿ ಎಂದಾಗ, ಬಡವ ಎಂಬ ಕಾರಣಕ್ಕೆ ವೇಗವಾಗಿ ಓಡುವವನನ್ನು ಬಿಡುವುದು ಈ ಮಕ್ಕಳಲ್ಲಿ ಕಡಿಮೆ ಇತ್ತು. ಬೇರೆಯವರಿಗೆ ಕೊಡುವ ಗುಣವೂ ಹೆಚ್ಚಿತ್ತು. ಇಂಗ್ಲಿಷ್ ಅಂಕ ಸ್ವಲ್ಪ ತಗ್ಗಿತು, ಹಿಂದಿ ಮತ್ತು ಗಣಿತದಲ್ಲಿ ವ್ಯತ್ಯಾಸವಿಲ್ಲ. ಇದನ್ನೆಲ್ಲ ಓದುವಾಗ ನನಗೆ ಬೇಜಾರಾಗುವುದು ಒಂದಕ್ಕೆ. ಶಿಕ್ಷಣ ಹಕ್ಕು ಕಾಯ್ದೆಯ ಶೇ 25 ಸೀಟುಗಳ ನಿಯಮವನ್ನು ನಮ್ಮ ರಾಜ್ಯ 2019-20ರ ಸಾಲಿನಿಂದ ಬದಲಾಯಿಸಿತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದಾಯಿತು. ಸರ್ಕಾರಿ ಶಾಲೆ ಉಳಿಸಬೇಕು ಎಂಬ ವಾದ ನನಗೂ ಅರ್ಥವಾಗುತ್ತದೆ. ಆದರೆ ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ತಪ್ಪಿಹೋಗಿದ್ದು ಎರಡೂ ಕಡೆಯ ಮಕ್ಕಳಿಗೆ.

ಈಗ ನಿಮ್ಮ ಮನೆಗೆ ಬರೋಣ. ಮಗಳನ್ನು ಕೂರಿಸಿಕೊಂಡು ಎಲ್ಲರೂ ಸಮಾನರು ಎಂದು ಭಾಷಣ ಮಾಡಬೇಡಿ. ಕಿಟಕಿ ಮೇಲಿನ ಲೋಟ ಹಾಗೇ ಇದ್ದರೆ ಅವಳು ನಂಬುವುದು ಲೋಟವನ್ನು. ಅದನ್ನು ಉಳಿದ ಲೋಟಗಳ ಜೊತೆ ಸ್ಟ್ಯಾಂಡಿಗೆ ಹಾಕಿ, ಯಾವುದು ಯಾವುದು ಎಂದು ಗುರುತು ಸಿಗದ ಹಾಗೆ. ಅವಳು ಕೇಳಿದರೆ "ಅದು ತಪ್ಪಾಗಿ ಬೇರೆ ಇಟ್ಟಿದ್ದೆವು, ಈಗ ಸರಿ ಮಾಡಿದೆವು" ಎನ್ನಿ, ಸಾಕು. ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಮೈಗೆ ಹತ್ತಿದ್ದು ಮಾತಿಗೆ ಇಳಿಯುವುದಿಲ್ಲ ಎಂದೆನಲ್ಲ. ಅವರ ಲೋಟ ಅವರು ಬೇಕಾದರೆ ಬೇರೆ ಇಟ್ಟುಕೊಳ್ಳಲಿ. ಆಗ ಮನೆಯಲ್ಲಿ ಬೇರೆಯಾಗಿ ಕಾಣುವುದು ಅತ್ತೆಯ ಲೋಟ, ಅಕ್ಕನದ್ದಲ್ಲ.

ಅಕ್ಕನ ವಿಷಯದಲ್ಲಿ ಸ್ವಲ್ಪ ಹುಷಾರು. ಮೊದಲ ದಿನವೇ ಡೈನಿಂಗ್ ಟೇಬಲ್‌ಗೆ ಕರೆದು ಕೂರಿಸಿ, ಎಲ್ಲರೂ ನೋಡುವ ಹಾಗೆ ದೊಡ್ಡತನ ತೋರಿಸಬೇಡಿ. ಅವರಿಗೆ ಅದು ಇನ್ನೊಂದು ಮುಜುಗರ. ಕೆಲಸ ಹೋದೀತು ಎಂಬ ಹೆದರಿಕೆ ಇರುವವರು ಬೇಡ ಎನ್ನಲೂ ಆಗದು. ಕುರ್ಚಿ ಖಾಲಿ ಇರಲಿ, ಕಾಫಿ ಕೈಗೆ ಕೊಡಿ, ಉಳಿದದ್ದನ್ನು ಅವರಿಗೇ ಬಿಡಿ. ಲೋಟಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ವಾರದ ರಜೆ, ಹೊತ್ತಿಗೆ ಸರಿಯಾಗಿ ಸಂಬಳ, ವರ್ಷಕ್ಕೊಮ್ಮೆ ಏರಿಕೆ. ಇವು ಹಬ್ಬದ ಸೀರೆಯ ಹಾಗೆ ನಿಮ್ಮ ಮನಸ್ಸು ಬಂದಾಗ ಕೊಡುವಂಥವಾಗದೆ, ಅವರು ಕೇಳಿ ಪಡೆಯುವಂಥವಾಗಲಿ.

ಲಿಫ್ಟ್ ವಿಷಯವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಎತ್ತಿದರೆ ಜಗಳವಾಗಿ ಮುಗಿಯುತ್ತದೆ. ಅಸೋಸಿಯೇಷನ್‌ನ ವಾರ್ಷಿಕ ಸಭೆಯ ಅಜೆಂಡಾಕ್ಕೆ ಬರಹದಲ್ಲಿ ಕೊಡಿ. ಆ ಬೋರ್ಡ್ ಯಾವ ನಿರ್ಣಯದ ಪ್ರಕಾರ ಹಾಕಿದ್ದು ಎಂದಷ್ಟೇ ಕೇಳಿ. ಅನೇಕ ಕಡೆ ಅಂಥ ನಿರ್ಣಯವೇ ಇರುವುದಿಲ್ಲ, ಯಾರೋ ಒಬ್ಬ ಕಾರ್ಯದರ್ಶಿ ಹಾಕಿಸಿದ್ದು ಹಾಗೇ ಉಳಿದಿರುತ್ತದೆ. ಸಾಮಾನು ಸಾಗಿಸಲು ಒಂದು ಲಿಫ್ಟ್ ಇರಲಿ, ತಪ್ಪಿಲ್ಲ. ಆದರೆ ನಿಯಮ ಸಾಮಾನಿಗೆ ಇರಬೇಕು, ಮನುಷ್ಯರಿಗಲ್ಲ.

ಮುಂದೆ ಯಾವತ್ತಾದರೂ ನೀವೇ ಮನೆ ಬಾಡಿಗೆಗೆ ಕೊಡುವ ಪ್ರಸಂಗ ಬಂದರೆ ಬ್ರೋಕರ್‌ಗೆ ಮೊದಲೇ ಹೇಳಿಬಿಡಿ. ನೀವು ಬಾಯಿ ಬಿಟ್ಟು ಹೇಳದಿದ್ದರೆ, ನಿಮಗೆ ಎಂಥವರು ಬೇಡ ಎಂಬುದನ್ನು ಅವರೇ ಊಹಿಸಿಕೊಂಡು ನಾಲ್ಕು ಜನರನ್ನು ಗೇಟಿನ ಹೊರಗಿನಿಂದಲೇ ವಾಪಸ್ ಕಳಿಸಿರುತ್ತಾರೆ. ನಿಮಗೆ ಗೊತ್ತೂ ಆಗುವುದಿಲ್ಲ. ಅಡ್ವಾನ್ಸ್ ಎಷ್ಟು ಕೊಡುತ್ತಾರೆ, ಎಷ್ಟು ಜನ ಇರುತ್ತಾರೆ, ಯಾವತ್ತು ಬರುತ್ತಾರೆ, ಈ ಮೂರು ಬಿಟ್ಟು ಬೇರೇನೂ ಕೇಳಬೇಡಿ ಎಂದು ಹೇಳಿ.